ವಿಟಮಿನ್ ಮಾತ್ರೆ: ವ್ಯಾಯಾಮ ಮಾಡುವವರಿಗೆ ಎಷ್ಟು ಅಗತ್ಯ?

ನಗರಗಳಲ್ಲಿ ಬೆಳಗಿನ ಓಟ, ಜಿಮ್, ಸೈಕಲ್ ಸವಾರಿಗಳ ಹವ್ಯಾಸ ಬೆಳೆದಂತೆಲ್ಲ ಔಷಧಿ ಅಂಗಡಿಯ ಕಪಾಟುಗಳಲ್ಲಿ ಮಲ್ಟಿವಿಟಮಿನ್ ಡಬ್ಬಿಗಳ ಸಾಲೂ ಉದ್ದವಾಗಿದೆ. ಮೈ ದಂಡಿಸುವವನಿಗೆ ವಿಟಮಿನ್ ಹೆಚ್ಚು ಬೇಕು, ಊಟದಿಂದ ಅದು ದಕ್ಕದು, ಆದ್ದರಿಂದ ಮಾತ್ರೆ ನುಂಗಬೇಕು ಎಂಬುದು ಸಾಮಾನ್ಯ ನಂಬಿಕೆ. ಸಂಶೋಧನೆಗಳು ಈ ನಂಬಿಕೆಯನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ.

ವಿಟಮಿನ್‌ಗಳು ಸ್ವತಃ ಶಕ್ತಿ ಕೊಡುವ ಪದಾರ್ಥಗಳಲ್ಲ. ಅವುಗಳಲ್ಲಿ ಕ್ಯಾಲೊರಿ ಇಲ್ಲ. ಅನ್ನ, ರೊಟ್ಟಿ, ಎಣ್ಣೆಗಳಿಂದ ದೇಹ ಶಕ್ತಿ ಪಡೆಯುವ ಕ್ರಿಯೆಗೆ ಬಿ ಗುಂಪಿನ ವಿಟಮಿನ್‌ಗಳು ನೆರವಾಗುತ್ತವೆ, ಅಷ್ಟೆ. ಕೊರತೆ ಇದ್ದವರಿಗೆ ಅದನ್ನು ತುಂಬಿದರೆ ಸುಸ್ತು ಕಡಿಮೆಯಾಗುತ್ತದೆ. ಕೊರತೆ ಇಲ್ಲದವರು ಹೆಚ್ಚು ನುಂಗಿದರೆ ಓಟದ ವೇಗವೇನೂ ಹೆಚ್ಚದು. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಡು ಹಳದಿಯಾಗುವುದು ದೇಹಕ್ಕೆ ಬೇಡವಾದ ರೈಬೊಫ್ಲೇವಿನ್ ಹೊರಹೋಗುತ್ತಿರುವುದರ ಗುರುತು. ಡಬ್ಬಿಗೆ ಕೊಟ್ಟ ಹಣದ ಒಂದು ಪಾಲು ಹೋಗುವ ದಾರಿಯೂ ಅದೇ.

ಆದರೆ ಎ, ಡಿ, ಇ ಮತ್ತು ಕೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು. ಇವು ಬಿ, ಸಿಗಳಂತೆ ಸುಲಭವಾಗಿ ಹೊರಹೋಗುವುದಿಲ್ಲ. ವಿಟಮಿನ್ ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ಹೆಚ್ಚು ಚರ್ಚೆಗೆ ಒಳಗಾಗಿರುವುದು ಸಿ ಮತ್ತು ಇ ವಿಟಮಿನ್‌ಗಳ ವಿಷಯ. ಶ್ರಮದ ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಉತ್ಪತ್ತಿಯಾಗುವ ಫ್ರೀ ರ್‍ಯಾಡಿಕಲ್‌ಗಳನ್ನು ಇವು ತಣಿಸುತ್ತವೆ ಎಂಬ ಕಾರಣಕ್ಕೆ ಜನಪ್ರಿಯವಾದವು. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಬೇರೆಯದೇ ಚಿತ್ರ ಕೊಟ್ಟಿತು. ಯುವಕರ ಒಂದು ಗುಂಪಿಗೆ ನಾಲ್ಕು ವಾರ ವ್ಯಾಯಾಮದ ಜೊತೆಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಹಾಗೂ 400 ಯೂನಿಟ್ ವಿಟಮಿನ್ ಇ ನೀಡಲಾಯಿತು. ವ್ಯಾಯಾಮದಿಂದ ಇನ್ಸುಲಿನ್ ಕಾರ್ಯದಲ್ಲಿ ಆಗಬೇಕಾದ ಸುಧಾರಣೆ ಮಾತ್ರೆ ಇಲ್ಲದವರಲ್ಲಿ ಕಂಡಿತು, ಮಾತ್ರೆ ನುಂಗಿದವರಲ್ಲಿ ಕಾಣಲಿಲ್ಲ. ಸ್ನಾಯು ಬಲಗೊಳ್ಳಲು ಆ ರ್‍ಯಾಡಿಕಲ್‌ಗಳೇ ಸಂಕೇತವೆಂಬುದು ಸಂಶೋಧಕರ ವಿವರಣೆ. 2014ರಲ್ಲಿ ನಾರ್ವೆಯಲ್ಲಿ 54 ಮಂದಿಯ ಮೇಲೆ 11 ವಾರ ನಡೆದ ಪ್ರಯೋಗದಲ್ಲೂ ಸ್ನಾಯುಕೋಶಗಳ ಬದಲಾವಣೆಗೆ ಇದೇ ರೀತಿ ಅಡ್ಡಿಯಾಗಿದ್ದು ಕಂಡುಬಂತು. ಆದರೆ ಅವರ ಓಟದ ಸಾಮರ್ಥ್ಯ ಕುಂದಲಿಲ್ಲ ಎಂಬುದನ್ನೂ ಹೇಳಬೇಕು.

ಧೂಮಪಾನಿಗಳಿಗಂತೂ ಎಚ್ಚರಿಕೆ ಇನ್ನೂ ಹಳೆಯದು. ಫಿನ್ಲೆಂಡಿನ 29,133 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಕಂಡಿತು.

ಒಂದು ವಿನಾಯಿತಿ ಇದೆ. ನೆಗಡಿ ಬಾರದಂತೆ ತಡೆಯುವಲ್ಲಿ ವಿಟಮಿನ್ ಸಿ ಸಾಮಾನ್ಯ ಜನರಿಗೆ ಉಪಯೋಗವಾಗದಿದ್ದರೂ, ಮ್ಯಾರಥಾನ್ ಓಟಗಾರರು, ಹಿಮದ ಮೇಲೆ ಸ್ಕೀ ಮಾಡುವವರು ಮತ್ತು ಸೈನಿಕರನ್ನು ಒಳಗೊಂಡ ಐದು ಪ್ರಯೋಗಗಳಲ್ಲಿ, ಒಟ್ಟು 598 ಮಂದಿಯಲ್ಲಿ, ನೆಗಡಿಯ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ವಾರಕ್ಕೆ ಮೂರು ದಿನ ಪಾರ್ಕಿನಲ್ಲಿ ಓಡುವವರು ಈ ಸಾಲಿಗೆ ಸೇರುವುದು ಕಷ್ಟ. ಅವರಿಗೆ ಒಂದು ಸೀಬೆಹಣ್ಣು ದಿನದ ಅಗತ್ಯವನ್ನು ಮೀರಿಸುವಷ್ಟು ವಿಟಮಿನ್ ಸಿ ಕೊಡುತ್ತದೆ.

ನಿಜವಾದ ಕೊರತೆಗಳು

ಮಾತ್ರೆ ನಿಜಕ್ಕೂ ಬೇಕಾಗುವ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಲ್ಲ. ಮೊದಲನೆಯದು ಕಬ್ಬಿಣದ ಅಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿ ರಕ್ತಹೀನತೆ ಉಳ್ಳವರು. ಮುಟ್ಟಿನ ರಕ್ತಸ್ರಾವದ ಜೊತೆಗೆ ದೂರದ ಓಟವೂ ಸೇರಿದರೆ ನಷ್ಟ ಹೆಚ್ಚುತ್ತದೆ. ಪಾದ ನೆಲಕ್ಕೆ ಅಪ್ಪಳಿಸುವ ರಭಸಕ್ಕೇ ಕೆಲವು ಕೆಂಪು ರಕ್ತಕಣಗಳು ಒಡೆಯುತ್ತವೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಇಳಿದಿರಬಹುದಾದ್ದರಿಂದ ಎರಡನ್ನೂ ಪರೀಕ್ಷಿಸುವುದು ಒಳಿತು. ಊಟದ ಜೊತೆ ಚಹಾ, ಕಾಫಿ ಕುಡಿದರೆ ಕಬ್ಬಿಣ ಹೀರಿಕೆ ತಗ್ಗುತ್ತದೆ; ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಹೆಚ್ಚುತ್ತದೆ.

ಎರಡನೆಯದು ಬಿ 12. ಸಸ್ಯಾಹಾರದಲ್ಲಿ ಇದು ಹಾಲು, ಮೊಸರಿನಿಂದ ಮಾತ್ರ ದೊರೆಯುವಂಥದ್ದು. ಅವನ್ನೂ ಬಿಟ್ಟವರಿಗೆ ಮಾತ್ರೆ ಅನಿವಾರ್ಯ. ಇನ್ನು ವಿಟಮಿನ್ ಡಿ: ನಸುಕಿನಲ್ಲಿ ಓಡಿ ಹಗಲೆಲ್ಲ ಕಚೇರಿಯೊಳಗೆ ಕುಳಿತವರಿಗೆ ಬಿಸಿಲು ಸಿಗುವುದೇ ಇಲ್ಲ.

ಪ್ರೋಟೀನ್ ಪುಡಿಯ ಲೆಕ್ಕ ಸರಳ. ಸಾಮಾನ್ಯ ವ್ಯಕ್ತಿಗೆ ಪ್ರತಿ ಕೆ.ಜಿ. ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ, ಕಠಿಣ ತರಬೇತಿ ನಡೆಸುವವರಿಗೆ 1.2ರಿಂದ 2 ಗ್ರಾಂ ಸಾಕು. ಬೇಳೆ, ಕಡಲೆ, ಮೊಟ್ಟೆ, ಮೊಸರಿನಿಂದ ಇದನ್ನು ಹೊಂದಿಸಿಕೊಳ್ಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯೂ ಇಂಥ ಪುಡಿಗಳನ್ನು ದೂರವಿಡುವಂತೆ ಸೂಚಿಸಿದೆ.

ಸ್ಪರ್ಧಿಗಳಿಗೆ ಮತ್ತೊಂದು ಅಪಾಯವೂ ಉಂಟು. ಜರ್ಮನಿಯ ಕೊಲೋನ್ ಪ್ರಯೋಗಾಲಯ 2000-01ರಲ್ಲಿ 13 ದೇಶಗಳಿಂದ ತರಿಸಿದ, ಹಾರ್ಮೋನ್ ಇದೆಯೆಂದು ಚೀಟಿಯಲ್ಲಿ ನಮೂದಿಸದ 634 ಪೂರಕಗಳನ್ನು ಪರೀಕ್ಷಿಸಿದಾಗ 94ರಲ್ಲಿ ನಿಷೇಧಿತ ಸ್ಟೀರಾಯ್ಡ್ ಅಂಶಗಳು ಪತ್ತೆಯಾದವು. ಉದ್ದೀಪನ ಮದ್ದು ನಿಯಮದಡಿ ದೇಹದಲ್ಲಿ ಸಿಕ್ಕಿದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ. ಭಾರತದಲ್ಲಿ ಮಾರಾಟವಾಗುವ ಆರೋಗ್ಯ ಪೂರಕಗಳ ಚೀಟಿಯ ಮೇಲೆ ಅದು ಔಷಧೀಯ ಬಳಕೆಗಲ್ಲ ಎಂಬ ಎಚ್ಚರಿಕೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇರಬೇಕು. ಎರಡೂ ಕಾಣದಿದ್ದರೆ ಡಬ್ಬಿಯನ್ನು ಅಂಗಡಿಯಲ್ಲೇ ಹಿಂತಿರುಗಿಸಬಹುದು.