ಮನೆ ಹುಡುಕಿ ಬಂದವರು ಕಟ್ಟಿದ ಊರು

ವರ್ಗಾವಣೆಯ ಆದೇಶ ಕೈಗೆ ಬಂದ ಸಂಜೆಯೇ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಬೆಂಗಳೂರೇನೋ ಸರಿ, ಬೆಂಗಳೂರಿನಲ್ಲಿ ಎಲ್ಲಿ? ಒಬ್ಬರಿಗೆ ಕಚೇರಿ ಹತ್ತಿರವಿರಬೇಕು. ಇನ್ನೊಬ್ಬರಿಗೆ ನಲ್ಲಿಯಲ್ಲಿ ನೀರು ಬರಬೇಕು. ಮಕ್ಕಳಿಗೆ ಶಾಲೆ ಕಾಲ್ನಡಿಗೆಯಲ್ಲಿ ಸಿಗಬೇಕು. ಮನೆಯ ಹಿರಿಯರಿಗೆ ಸಂಜೆ ಹೋಗಿ ಕೂರಲು ಒಂದು ಗುಡಿಯ ಜಗಲಿ, ಮಾತಿಗೆ ನಾಲ್ಕು ಜನ ಬೇಕು. ಈ ಎಲ್ಲವೂ ಒಂದೇ ಕಡೆ ಇರುವ ಬಡಾವಣೆಯ ಬಾಡಿಗೆ ಕೇಳಿದ ಮೇಲೆ ಚರ್ಚೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ನೀರು, ಕೆಲಸದ ದೂರ, ಶಾಲೆ, ನೆರೆಹೊರೆ. ಮನೆ ಹುಡುಕುವವರ ಈ ಪ್ರಶ್ನೆಗಳು ಇಂದಿನವಲ್ಲ. ಬೆಂಗಳೂರಿನ ಒಂದೊಂದು ಬಡಾವಣೆಯೂ ಒಂದೊಂದು ಕಾಲದಲ್ಲಿ ಇವುಗಳಲ್ಲಿ ಯಾವುದೋ ಒಂದಕ್ಕೆ ಸಿಕ್ಕ ಉತ್ತರ. ಆ ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಊರಿನ ಚರಿತ್ರೆಯೇ ಆಗುತ್ತದೆ. ಆಯ್ಕೆ ಯಾರಿಗಿತ್ತು, ಯಾರಿಗೆ ಇರಲಿಲ್ಲ ಎಂಬುದೂ ಅದರೊಳಗೇ ಇದೆ.

ಕಸುಬೇ ವಿಳಾಸ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಹೊಸದಾಗಿ ಬಂದವನು ಬಡಾವಣೆ ಆರಿಸುವ ತೊಂದರೆಯೇ ಇರಲಿಲ್ಲ. ಅವನ ಕಸುಬೇ ಅವನ ಬೀದಿಯನ್ನು ಗೊತ್ತು ಮಾಡುತ್ತಿತ್ತು. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದ ಸುತ್ತ ಬೆಳೆದ ಊರಿನಲ್ಲಿ ಕುಂಬಾರನಿಗೆ ಕುಂಬಾರಪೇಟೆ, ಎಣ್ಣೆ ತೆಗೆಯುವವನಿಗೆ ಗಾಣಿಗರಪೇಟೆ, ಬಳೆ ಮಾರುವವನಿಗೆ ಬಳೇಪೇಟೆ, ಧಾನ್ಯದ ವ್ಯಾಪಾರಿಗೆ ತರಗುಪೇಟೆ, ಅಕ್ಕಿಪೇಟೆ, ರಾಗಿಪೇಟೆ. ಅಂಗಡಿ ಮುಂದೆ, ಮನೆ ಹಿಂದೆ ಅಥವಾ ಮಹಡಿಯಲ್ಲಿ. ಕೆಲಸಕ್ಕೆ ಹೋಗುವ ದೂರ ಎಂದರೆ ಹೊಸ್ತಿಲು ದಾಟುವಷ್ಟೇ.

ಅನುಕೂಲದ ಜೊತೆಗೆ ಕಟ್ಟೂ ಇತ್ತು. ಕಸುಬು ಎಂದರೆ ಜಾತಿ, ಜಾತಿ ಎಂದರೆ ಬೀದಿ. ಒಂದು ಬೀದಿಯವನು ಇನ್ನೊಂದು ಬೀದಿಗೆ ಮನೆ ಬದಲಿಸುವುದು ಸುಲಭದ ಮಾತಾಗಿರಲಿಲ್ಲ.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಸ್ಥಾಪಿಸಿದಾಗ ಪಕ್ಕದಲ್ಲೇ ಇನ್ನೊಂದು ಊರು ಎದ್ದಿತು. ಸೈನ್ಯದ ಜೊತೆ ಮದ್ರಾಸು ಪ್ರಾಂತದ ಕಡೆಯಿಂದ ವ್ಯಾಪಾರಿಗಳು, ಗುತ್ತಿಗೆದಾರರು, ಅಡುಗೆಯವರು, ಕೂಲಿಕಾರರು ಬಂದರು. ಪೇಟೆಯಲ್ಲಿ ಕಿರಿದಾದ ಬೀದಿ, ಒತ್ತೊತ್ತಾದ ಮನೆ. ದಂಡಿನ ಅಧಿಕಾರಿಗಳ ಕಡೆ ಅಗಲ ರಸ್ತೆ, ತೋಟದ ನಡುವೆ ಬಂಗಲೆ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಬೆಂಗಳೂರಿಗೆ ಬರುವವರು ಎರಡು ಬಡಾವಣೆಗಳ ನಡುವೆ ಅಲ್ಲ, ಎರಡು ಆಡಳಿತಗಳ ನಡುವೆಯೇ ಆರಿಸಬೇಕಿತ್ತು. ಎರಡೂ ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ.

ಮಾರಿ ತಂದ ಬಡಾವಣೆ

ಪೇಟೆಯವರು ಪೇಟೆ ಬಿಟ್ಟು ಹೊರಗೆ ಮನೆ ಕಟ್ಟಬಹುದು ಎಂಬ ಯೋಚನೆಗೆ ಸರ್ಕಾರದ ಬೆಂಬಲ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ರೂಪುಗೊಂಡಿತು. ನೇರ ರಸ್ತೆ, ಅಳತೆ ಮಾಡಿದ ಸೈಟು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಅದೇ ದಶಕದ್ದು. ಆದರೂ ತಲೆಮಾರುಗಳ ಮನೆ, ಅಂಗಡಿ, ನಂಟರನ್ನು ಬಿಟ್ಟು ಹೊಲದ ನಡುವೆ ಹೋಗಿ ಇರಲು ಜನ ಮನಸ್ಸು ಮಾಡಲಿಲ್ಲ.

ಮನಸ್ಸು ಮಾಡಿಸಿದ್ದು ಪ್ಲೇಗು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಮಾರಿ 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಮಾರ್ಗವಾಗಿ ಬೆಂಗಳೂರಿಗೆ ಬಂತು. ಗಾಳಿ ಬೆಳಕಿಲ್ಲದ ಮನೆಗಳು, ಧಾನ್ಯದ ಮಳಿಗೆಗಳು, ಅವುಗಳಲ್ಲಿ ಇಲಿಗಳು. ಪೇಟೆಯಲ್ಲಿ ರೋಗ ಹಬ್ಬಲು ಇನ್ನೇನೂ ಬೇಕಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದು ಆಗಿನ್ನೂ ಸರ್ವಸಮ್ಮತವಾಗಿರಲಿಲ್ಲ. ಇಲಿ ಸತ್ತು ಬಿದ್ದರೆ ಮನೆ ಬಿಡಬೇಕೆಂಬುದಷ್ಟೇ ಜನರಿಗೆ ತಿಳಿದಿತ್ತು. ಊರು ಬಿಟ್ಟವರು ಹೊರವಲಯದಲ್ಲಿ ಗುಡಿಸಲು ಹಾಕಿಕೊಂಡರು. ಸರ್ಕಾರ ರೋಗಿಗಳನ್ನು ಬೇರ್ಪಡಿಸಿ ಶಿಬಿರಗಳಿಗೆ ಕಳಿಸಿತು, ಮನೆಗಳನ್ನು ಕೆಡವಿಸಿತು. ಊರಿನ ಹಲವೆಡೆ ಇಂದಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ದಿನಗಳ ಭಯದ ಗುರುತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಹೊಸ ಬಡಾವಣೆಗಳ ಕೆಲಸವನ್ನು ಚುರುಕುಗೊಳಿಸಿತು. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆ ನೋಡಿದರೆ ಪ್ಲೇಗಿನ ಪಾಠ ಎದ್ದು ಕಾಣುತ್ತದೆ. ಮನೆಯ ಸುತ್ತ ಜಾಗ ಬಿಡಬೇಕು, ರಸ್ತೆ ಅಗಲವಿರಬೇಕು, ಮಲ ಸಾಗಿಸಲು ಮನೆಗಳ ಹಿಂದೆ ಪ್ರತ್ಯೇಕ ಓಣಿ ಇರಬೇಕು. ಮಲ್ಲೇಶ್ವರದಲ್ಲಿ ಇಂದಿಗೂ ಉಳಿದಿರುವ ಆ ಹಿಂಬದಿಯ ಓಣಿಗಳನ್ನು ‘ಕನ್ಸರ್ವೆನ್ಸಿ’ ಎಂದೇ ಜನ ಕರೆಯುತ್ತಾರೆ. ದಂಡಿನ ಕಡೆಯಲ್ಲೂ ಇಲಿಗೆ ಎಡೆಯಿಲ್ಲದ ಮನೆಗಳ ಮಾದರಿ ಬಡಾವಣೆಯೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಲೆಯೆತ್ತಿತು. ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಸರ್ ಹೆಸರಿನ ಫ್ರೇಸರ್ ಟೌನ್ ಅದು.

ರೋಗ ಹೊಸ ಊರನ್ನು ಕಟ್ಟಿಸಿತು. ಆದರೆ ಹಳೆಯ ಬೀದಿಗಳ ಲೆಕ್ಕವನ್ನು ಅಳಿಸಲಿಲ್ಲ. ಹೊಸ ಬಡಾವಣೆಗಳಲ್ಲೂ ಜಾತಿ, ಮತಗಳ ಪ್ರಕಾರ ಬ್ಲಾಕುಗಳನ್ನು ಗುರುತಿಸಿ ಸೈಟು ಹಂಚುವ ಕ್ರಮವಿತ್ತು. ಸೈಟು ಕೊಂಡು ಮನೆ ಕಟ್ಟುವ ಶಕ್ತಿ ಇದ್ದವರು ಹೋದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಹಿಂದಿನ ಓಣಿಯಲ್ಲಿ ಮಲದ ಬುಟ್ಟಿ ಹೊತ್ತು ನಡೆದವರಿಗೆ ಮುಂದಿನ ರಸ್ತೆಯಲ್ಲಿ ಮನೆ ಸಿಗಲಿಲ್ಲ. ಬಯಲು ಗಾಳಿಯ ಬಡಾವಣೆಯ ಆರೋಗ್ಯ ಅವರ ದುಡಿಮೆಯ ಮೇಲೆ ನಿಂತಿತ್ತು.

ನಲ್ಲಿ ಹೋದಲ್ಲಿಗೆ ಮನೆ

ಬೆಂಗಳೂರಿಗೆ ನದಿಯ ದಡವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಊರಿಗೆ ಕೆರೆ, ಬಾವಿಗಳೇ ಆಧಾರ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸೇರಿತು. 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ನೀರು ತರಲಾಯಿತು. ಪ್ರತಿ ಸಲ ನೀರಿನ ಕೊಳವೆ ಮುಂದೆ ಹೋದಂತೆ ಊರೂ ಮುಂದೆ ಹೋಯಿತು. ಅನೇಕ ಸಲ ಊರೇ ಮೊದಲು ಹೋಗಿ ನೀರಿಗಾಗಿ ಕಾಯಿತು.

ಸೈಟು ಕೊಳ್ಳಲಾಗದವರಿಗೆ ಈ ಕಾಲದಲ್ಲಿ ಆಸರೆಯಾದದ್ದು ವಠಾರ. ಒಂದೇ ಹೆಬ್ಬಾಗಿಲು, ಒಳಗೆ ಸಾಲುಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಶೌಚಾಲಯ. ಹಳ್ಳಿಯಿಂದ ಓದಲು ಬಂದ ಹುಡುಗರು, ಹೊಸದಾಗಿ ಗುಮಾಸ್ತಿಕೆಗೆ ಸೇರಿದವರು, ಶಾಲಾ ಮಾಸ್ತರರು ಬೆಂಗಳೂರಿನ ಮೊದಲ ಪಾಠ ಕಲಿತದ್ದು ಇಲ್ಲಿ. ಬೆಳಗಿನ ಜಾವದ ಬಿಂದಿಗೆ ಸರದಿ ಜಗಳ ತರುತ್ತಿತ್ತು, ಹಬ್ಬದ ದಿನ ಒಬ್ಬಟ್ಟು ಸಾಲಿನ ಕೊನೆಯ ಮನೆಯವರೆಗೂ ಹೋಗುತ್ತಿತ್ತು. ಮನೆ ಖಾಲಿಯಿದೆ ಎಂಬ ಸುದ್ದಿಯೂ ಬಾಯಿಂದ ಬಾಯಿಗೇ ಹರಡುತ್ತಿತ್ತು.

ಬಡಾವಣೆಗೊಂದು ಸ್ವಭಾವ ಬರುವುದೂ ಅಲ್ಲಿಗೆ ಬಂದು ನೆಲೆಸಿದವರಿಂದ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಗೆ ಗುರುತಾಯಿತು. ಮಾಸ್ತಿಯವರ ಮನೆ ಗವಿಪುರದಲ್ಲಿ. ಡಿವಿಜಿಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬಸವನಗುಡಿಯ ಬದಿಯಲ್ಲಿ. 1933ರಲ್ಲಿ ಕಲ್ಕತ್ತದಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಇದ್ದದ್ದು ಸಂಸ್ಥೆಗೆ ಸಮೀಪದ ಮಲ್ಲೇಶ್ವರದಲ್ಲಿ.

ಕ್ವಾರ್ಟರ್ಸ್‌ನಿಂದ ಸೈಟಿಗೆ

1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷದ ಸಮೀಪಕ್ಕೆ ಬಂತು. ಹತ್ತು ವರ್ಷದಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿ. ಇದನ್ನು ನಿಭಾಯಿಸಲು 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತ್ತು. ದಕ್ಷಿಣದಲ್ಲಿ 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಪಶ್ಚಿಮದಲ್ಲಿ ಕೈಗಾರಿಕೆ, ಕಾರ್ಮಿಕರನ್ನು ಗಮನದಲ್ಲಿಟ್ಟ ರಾಜಾಜಿನಗರ ಬೆಳೆಯಿತು.

ಕಾರ್ಖಾನೆಗಳೂ ಬಡಾವಣೆ ಕಟ್ಟಿದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ದೂರವಾಣಿನಗರ, ಜಾಲಹಳ್ಳಿಗಳ ಕ್ವಾರ್ಟರ್ಸ್‌ಗಳಲ್ಲಿ ಮನೆ ಹಂಚಿಕೆಯಾಗುತ್ತಿದ್ದುದು ಹುದ್ದೆಯ ದರ್ಜೆ ನೋಡಿ, ಜಾತಿ ನೋಡಿ ಅಲ್ಲ. ಪಾಳಿಯ ಸೈರನ್ನು, ಕಾರ್ಖಾನೆಯ ಬಸ್ಸು, ಶಾಲೆ, ಆಸ್ಪತ್ರೆ ಎಲ್ಲರಿಗೂ ಒಂದೇ. ದೇಶದ ನಾನಾ ಮೂಲೆಯವರು ಗೋಡೆ ಹಂಚಿಕೊಂಡು ಬದುಕಿದ್ದು ಬೆಂಗಳೂರಿಗೆ ಹೊಸದೇ ಅನುಭವ. ಒಂದೇ ಕೊರತೆಯೆಂದರೆ ನಿವೃತ್ತಿಯ ದಿನ ಬೀಗದ ಕೈ ಹಿಂದಿರುಗಿಸಬೇಕಿತ್ತು.

ಆದ್ದರಿಂದ ಸೈಟಿನ ಕನಸು. 1976ರಲ್ಲಿ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಉಳಿದರು ಎಂಬುದೂ ಹಂಚಿಕೆಯಲ್ಲಿ ಅರ್ಹತೆಯಾಗಿ ಸೇರಿದ್ದರಿಂದ, ನಿರಾಶೆಯನ್ನೇ ಉಳಿತಾಯದಂತೆ ಕೂಡಿಟ್ಟು ಕಾದ ಮಧ್ಯಮವರ್ಗದ ಕುಟುಂಬಗಳಿದ್ದವು. ಮೂವತ್ತು–ನಲವತ್ತರ ಸೈಟು ಸಿಕ್ಕರೆ ಜನ್ಮ ಸಾರ್ಥಕ. ಎಲ್ಲಿ ಎಂಬುದು ಪ್ರಾಧಿಕಾರದ ಪಟ್ಟಿಗೆ ಬಿಟ್ಟದ್ದು. ಕಾಯಲು ತಾಳ್ಮೆಯಿಲ್ಲದವರು ಗೃಹ ನಿರ್ಮಾಣ ಸಹಕಾರ ಸಂಘಗಳ ಕಡೆ ಹೋದರು. ಹಣವಿಲ್ಲದವರು ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟು ಕೊಂಡು, ಚರಂಡಿಗೂ ಖಾತೆಗೂ ವರ್ಷಗಟ್ಟಲೆ ಅಲೆದರು.

ಸ್ವಂತ ಊರಿನ ದಿಕ್ಕೂ ಆಯ್ಕೆಯಲ್ಲಿ ಕೆಲಸ ಮಾಡಿತು. ತುಮಕೂರು ರಸ್ತೆಯಿಂದ ಬಂದವರಿಗೆ ಯಶವಂತಪುರ, ಪೀಣ್ಯ, ದಾಸರಹಳ್ಳಿ. ಮೈಸೂರು ರಸ್ತೆಯವರಿಗೆ ಕೆಂಗೇರಿ. ಕೋಲಾರದ ಕಡೆಯವರಿಗೆ ಕೃಷ್ಣರಾಜಪುರ. ಹಬ್ಬಕ್ಕೆ ಊರಿಗೆ ಹೋಗುವ ಬಸ್ಸು ಮನೆಯ ಹತ್ತಿರವೇ ನಿಲ್ಲುವುದು ಸಣ್ಣ ಅನುಕೂಲವೇನಲ್ಲ. ಜೋಳದ ರೊಟ್ಟಿಯ ಖಾನಾವಳಿ ಕಂಡರೆ ಉತ್ತರ ಕರ್ನಾಟಕದವರ ಮನೆಗಳು ದೂರವಿಲ್ಲ ಎಂದು ತಿಳಿಯಬಹುದು.

ಕೆರೆಯ ಹೆಸರು ಮರೆತರೆ

ಸಾಫ್ಟ್‌ವೇರ್ ಉದ್ಯಮ ಬಂದ ಮೇಲೆ ದಿಕ್ಕು ಬದಲಾಯಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕಿನ ನೆರೆಯೂರಾಯಿತು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಗಳ ಸುತ್ತ ವಸತಿ ಸಮುಚ್ಚಯಗಳು ಎದ್ದವು. ಕೆಲಸಕ್ಕೆ ಹತ್ತಿರ ಎಂಬ ಒಂದೇ ಪ್ರಶ್ನೆ ಉಳಿದೆಲ್ಲವನ್ನೂ ಹಿಂದೆ ತಳ್ಳಿತು.

ಹಳೆಯ ಬೆಂಗಳೂರು ಕೆರೆಯ ಮೇಲೆ ಕಟ್ಟಲಿಲ್ಲವೆಂದಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಆದರೆ ಒಂದು ಕೆರೆ ತುಂಬಿದರೆ ಮುಂದಿನದಕ್ಕೆ ನೀರು ಒಯ್ಯುವ ರಾಜಕಾಲುವೆಗಳ ಸರಪಳಿ ಹೊರವಲಯದಲ್ಲಿ ಉಳಿದಿತ್ತು. ಅದನ್ನೂ ಒತ್ತಿ ಕಟ್ಟಿದ ಫಲ 2022ರ ಸೆಪ್ಟೆಂಬರಿನಲ್ಲಿ ಕಂಡಿತು. ಕೋಟಿ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಕರೆತರಬೇಕಾಯಿತು. ಎರಡೇ ವರ್ಷದಲ್ಲಿ, 2024ರ ಬೇಸಿಗೆಯಲ್ಲಿ, ಅದೇ ಹೊರವಲಯದ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸರದಿ ನಿಂತರು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಊರು ಸೇರಿದ ಮೇಲೆ ನೀರಿಗೆ ಹದಿನೇಳು ವರ್ಷ.

ಇಂದು ಮನೆ ಹುಡುಕುವವರ ಕೈಯಲ್ಲಿ ಮೆಟ್ರೊ ನಕ್ಷೆಯಿದೆ. 2011ರಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಆರಂಭವಾದ ರೈಲು 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರ ಮುಟ್ಟಿತು. ನಿಲ್ದಾಣದ ಹೆಸರು ಹೇಳಿ ಬಾಡಿಗೆ ಕೇಳುವುದು ರೂಢಿಯಾಗಿದೆ. ಆದರೆ ನಕ್ಷೆಯಲ್ಲಿಲ್ಲದ ಪ್ರಶ್ನೆಯೊಂದು ಬಾಗಿಲಲ್ಲಿ ಎದುರಾಗುತ್ತದೆ. ಬಾಡಿಗೆ, ಅಡ್ವಾನ್ಸು ಎಲ್ಲ ಒಪ್ಪಿಗೆಯಾದ ಮೇಲೆ ‘ನೀವು ಯಾವ ಜನ?’ ಎಂದು ಕೇಳುವ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕುವ ಮನೆಗಳು ಊರಿನಲ್ಲಿ ಇನ್ನೂ ಇವೆ. ಹೆಸರು ಹೇಳುತ್ತಿದ್ದಂತೆ ಮನೆ ಬೇರೆಯವರಿಗೆ ಹೋಗಿದೆ ಎಂಬ ಉತ್ತರ ಕೇಳಿ ಮೆಟ್ಟಿಲಿಳಿದವರಿಗೆ ನೀರು, ಶಾಲೆ, ಮೆಟ್ರೊಗಳ ಮಾತು ಆಮೇಲಿನದು.

ಕಸುಬು ನೋಡಿ ಬೀದಿ ಕೊಟ್ಟ ಪೇಟೆಯಿಂದ ಬೆಂಗಳೂರು ಬಹಳ ದೂರ ಬಂದಿದೆ. ಪ್ಲೇಗು ಹೋಯಿತು, ಮಲದ ಬುಟ್ಟಿಯ ಓಣಿಗಳಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಮನೆ ಹುಡುಕಿ ಬಂದವರು ಈ ಊರಿನ ಕೆರೆಯ ಹೆಸರು ಕೇಳಿಕೊಂಡರೆ ಒಳ್ಳೆಯದು. ಮನೆ ಕೊಡುವವರು ಬಂದವರ ಕುಲ ಕೇಳದಿದ್ದರೆ ಇನ್ನೂ ಒಳ್ಳೆಯದು. ಕೊಡುವವರ ಮನೆಯ ಹಿರಿಯರೂ ಒಂದು ದಿನ ಪೆಟ್ಟಿಗೆ ಹಿಡಿದು, ಖಾಲಿ ಮನೆಯ ಬೋರ್ಡು ನೋಡುತ್ತ ಇದೇ ಬೀದಿಗಳಲ್ಲಿ ನಡೆದು ಬಂದವರೇ.