ಕನ್ನಡ ಸಾಹಿತ್ಯ ವಿಮರ್ಶೆ

ಕಾವ್ಯ, ನಾಟಕ, ಕಾದಂಬರಿ, ಸಣ್ಣಕತೆ ಮೊದಲಾದ ಪ್ರಕಾರಗಳ ಕನ್ನಡ ಕೃತಿಗಳನ್ನು ಓದಿ ಅರ್ಥೈಸುವ, ಅವುಗಳ ಗುಣದೋಷಗಳನ್ನು ವಿವೇಚಿಸಿ ಬೆಲೆಕಟ್ಟುವ ಬರವಣಿಗೆ. ಕಾವ್ಯವನ್ನು ಕುರಿತ ಚಿಂತನೆ ಕನ್ನಡದಲ್ಲಿ 9ನೇ ಶತಮಾನದ ‘ಕವಿರಾಜಮಾರ್ಗ’ದಷ್ಟು ಹಳೆಯದು. ಆದರೆ ಒಂದೊಂದೇ ಕೃತಿಯನ್ನು ಎದುರಿಗಿಟ್ಟುಕೊಂಡು ಗದ್ಯದಲ್ಲಿ, ಪತ್ರಿಕೆಗಳ ಮೂಲಕ ಚರ್ಚಿಸುವ ಇಂದಿನ ರೂಪ ಬಂದದ್ದು 20ನೇ ಶತಮಾನದಲ್ಲಿ. ಇದನ್ನು ಬೆಳೆಸಿದವರಲ್ಲಿ ಅನೇಕರು ಸ್ವತಃ ಕವಿಗಳು, ಕತೆಗಾರರು, ನಾಟಕಕಾರರು. ಅದಕ್ಕೇ ಕನ್ನಡ ವಿಮರ್ಶೆ ಸಿದ್ಧಾಂತ ಗ್ರಂಥಗಳಿಗಿಂತ ಹೆಚ್ಚಾಗಿ ನಿರ್ದಿಷ್ಟ ಕೃತಿಗಳ ಸುತ್ತ ನಡೆದ ವಾಗ್ವಾದಗಳಲ್ಲಿ ಗಟ್ಟಿಗೊಂಡಿದೆ.

ಹಿನ್ನೆಲೆ

ಕನ್ನಡದಲ್ಲಿ ಇಂದು ಲಭ್ಯವಿರುವ ಮೊದಲ ಗ್ರಂಥವೇ ಕಾವ್ಯವಿಚಾರಕ್ಕೆ ಮೀಸಲಾದದ್ದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ಮೂರು ಪರಿಚ್ಛೇದಗಳಲ್ಲಿ ದೋಷ, ಗುಣ, ಅಲಂಕಾರಗಳನ್ನು ವಿವರಿಸುತ್ತದೆ. ದಂಡಿಯ ‘ಕಾವ್ಯಾದರ್ಶ’ ಅದಕ್ಕೆ ಮುಖ್ಯ ಆಧಾರವಾದರೂ ಸಂಸ್ಕೃತದ ಲಕ್ಷಣಗಳನ್ನು ಕನ್ನಡಕ್ಕೆ ಹಾಗೆಯೇ ಹೊರಿಸಲು ಗ್ರಂಥಕಾರ ಒಪ್ಪುವುದಿಲ್ಲ. ಸಂಸ್ಕೃತ ಪದಗಳನ್ನು ಕನ್ನಡದೊಡನೆ ಎಲ್ಲಿ ಬೆರೆಸಬಹುದು, ಎಲ್ಲಿ ಬೆರೆಸಬಾರದು ಎಂಬುದನ್ನು ಉದಾಹರಣೆ ಕೊಟ್ಟು ಹೇಳುತ್ತಾನೆ. ಅವನ ವಿಧಾನ ತರಗತಿಯ ಮೇಷ್ಟರದು: ತಪ್ಪಿರುವ ಪದ್ಯವನ್ನು ಮೊದಲು ಕೊಟ್ಟು, ಅದನ್ನೇ ತಿದ್ದಿದ ರೂಪವನ್ನು ಕೆಳಗೆ ಕೊಡುತ್ತಾನೆ. ತನಗಿಂತ ಹಿಂದಿನ ಗದ್ಯ-ಪದ್ಯ ಲೇಖಕರ ಹೆಸರುಗಳನ್ನೂ ಪಟ್ಟಿ ಮಾಡಿದ್ದಾನೆ. ಅವರ ಕೃತಿಗಳು ಇಂದು ಉಳಿದಿಲ್ಲ.

ಎರಡನೇ ನಾಗವರ್ಮನ ‘ಕಾವ್ಯಾವಲೋಕನ’, 16ನೇ ಶತಮಾನದ ಸಾಳ್ವನ ‘ರಸರತ್ನಾಕರ’ ಈ ಲಕ್ಷಣಗ್ರಂಥ ಪರಂಪರೆಯನ್ನು ಮುಂದುವರಿಸಿದವು. 13ನೇ ಶತಮಾನದಲ್ಲಿ ಮಲ್ಲಿಕಾರ್ಜುನ ಸಂಕಲಿಸಿದ ‘ಸೂಕ್ತಿಸುಧಾರ್ಣವ’ವನ್ನೂ ಇಲ್ಲಿ ನೆನೆಯಬೇಕು. ಹಿಂದಿನ ಕಾವ್ಯಗಳಿಂದ ಒಳ್ಳೆಯ ಪದ್ಯಗಳನ್ನು ಆರಿಸಿ ವಿಷಯವಾರು ಜೋಡಿಸಿದ ಆ ಕೆಲಸದ ಹಿಂದೆ ಯಾವುದು ಒಳ್ಳೆಯದೆಂಬ ವಿವೇಚನೆ ಇದೆ.

ಹೊಸಗನ್ನಡದ ಹೊಸ್ತಿಲಲ್ಲಿ ನಿಲ್ಲುವ ಮುದ್ದಣ (ನಂದಳಿಕೆ ಲಕ್ಷ್ಮೀನಾರಣಪ್ಪ, 1870–1901) ವಿಮರ್ಶೆಯನ್ನು ಕೃತಿಯೊಳಕ್ಕೇ ತಂದ. ‘ಶ್ರೀರಾಮಾಶ್ವಮೇಧ’ದಲ್ಲಿ ಮಳೆಗಾಲದ ಹೊತ್ತು ಕಳೆಯಲು ಮನೋರಮೆ ಗಂಡ ಮುದ್ದಣನಿಗೆ ಕತೆ ಹೇಳೆನ್ನುತ್ತಾಳೆ. ಪದ್ಯ ಬೇಡ, ಬರೀ ಸಂಸ್ಕೃತವೂ ಬೇಡ, ತನಗೆ ತಿಳಿಯುವ ಗದ್ಯದಲ್ಲಿ ಹೇಳಬೇಕೆಂದು ಷರತ್ತು ಹಾಕುತ್ತಾಳೆ. ಕತೆಯ ನಡುವೆ ತಡೆದು ಪ್ರಶ್ನಿಸುತ್ತಾಳೆ, ಕೆಣಕುತ್ತಾಳೆ, ಮೆಚ್ಚುತ್ತಾಳೆ. ಪಂಡಿತರ ಮನ್ನಣೆಗಿಂತ ಓದುಗರ ರುಚಿ ದೊಡ್ಡದೆಂಬ ಮಾತನ್ನು ಕನ್ನಡದಲ್ಲಿ ಇಷ್ಟು ಲವಲವಿಕೆಯಿಂದ ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ.

ನವೋದಯ

ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಹಳೆಯ ಕವಿಗಳ ಕಾಲ, ದೇಶ, ಕೃತಿಗಳ ಮಾಹಿತಿಯನ್ನು ಒಂದೆಡೆ ತಂದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. 1922ರಲ್ಲಿ ಧಾರವಾಡದಿಂದ ಆಲೂರು ವೆಂಕಟರಾಯರ ‘ಜಯಕರ್ನಾಟಕ’ ಹೊರಟಿತು. ವಿಮರ್ಶೆಯ ಲೇಖನಗಳಿಗೆ ಹೀಗೆ ನೆಲೆ ಸಿಕ್ಕಿತು.

ನವೋದಯವೆಂದು ಕರೆಯುವ ಈ ಕಾಲದ ವಿಮರ್ಶಕರು ಇಂಗ್ಲಿಷ್ ಸಾಹಿತ್ಯವನ್ನೂ ಸಂಸ್ಕೃತ ಕಾವ್ಯಮೀಮಾಂಸೆಯನ್ನೂ ಒಟ್ಟಿಗೆ ಓದಿಕೊಂಡವರು. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ವಿಮರ್ಶೆ’ಯ ನಾಲ್ಕು ಭಾಗಗಳಲ್ಲಿ ಪ್ರಾಚೀನ ಕಾವ್ಯ, ವಚನ, ಜನಪದ ಹಾಡುಗಳ ಬಗೆಗಿನ ತಿಳಿಯಾದ ಬರಹಗಳಿವೆ. ಡಿ.ವಿ. ಗುಂಡಪ್ಪನವರು ‘ಜೀವನ ಸೌಂದರ್ಯ ಮತ್ತು ಸಾಹಿತ್ಯ’ದಲ್ಲಿ ಸಾಹಿತ್ಯವನ್ನು ಬದುಕಿನ ಸಂಸ್ಕಾರಕ್ಕೆ ಜೋಡಿಸಿದರು. ಎಸ್.ವಿ. ರಂಗಣ್ಣನವರ ‘ಶೈಲಿ’ ಬರವಣಿಗೆಯ ರೀತಿಯನ್ನೇ ವಸ್ತುವಾಗಿಸಿಕೊಂಡಿತು. ಕುವೆಂಪು ‘ತಪೋನಂದನ’, ‘ವಿಭೂತಿಪೂಜೆ’, ‘ದ್ರೌಪದಿಯ ಶ್ರೀಮುಡಿ’, ‘ರಸೋ ವೈ ಸಃ’ ಸಂಕಲನಗಳಲ್ಲಿ ಕಾವ್ಯವನ್ನು ಕವಿಯ ದರ್ಶನವಾಗಿ ಕಾಣುವ ದೃಷ್ಟಿಯನ್ನು ಬೆಳೆಸಿದರು. ಧ್ವನಿ, ರಸ, ಔಚಿತ್ಯಗಳ ಪರಿಚಯಕ್ಕೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇಂದಿಗೂ ಕನ್ನಡ ವಿದ್ಯಾರ್ಥಿಗಳ ಕೈಪಿಡಿ. ಅದೇ ವರ್ಷ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ಹೊರಬಂತು.

‘ಗದಾಯುದ್ಧ’ದ ಚರ್ಚೆ

ಹೊಸ ಓದು ಹಳೆಯ ಕೃತಿಯನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ರನ್ನನ ‘ಗದಾಯುದ್ಧ’ದ ಸುತ್ತ ನಡೆದ ಚರ್ಚೆ ಒಳ್ಳೆಯ ನಿದರ್ಶನ. 10ನೇ ಶತಮಾನದ ಈ ಚಂಪೂಕಾವ್ಯದಲ್ಲಿ ಕವಿ ತನ್ನ ಆಶ್ರಯದಾತ, ಚಾಲುಕ್ಯ ರಾಜಕುಮಾರ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ್ದಾನೆ. ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಇದೆ. ಹಾಗಾಗಿ ನಾಯಕ ಭೀಮನೇ ಆಗಬೇಕು. ಆದರೆ ಓದುಗರ ಮನಸ್ಸು ಹಿಡಿದು ನಿಲ್ಲಿಸುವುದು ದುರ್ಯೋಧನ. ಯುದ್ಧ ಮುಗಿಯುತ್ತ ಬಂದಾಗ ಸಂಜಯನ ಕೈಹಿಡಿದು ಹೆಣಗಳ ನಡುವೆ ಎಡವುತ್ತ ನಡೆಯುವ ದೊರೆ, ದಾರಿಯಲ್ಲಿ ಬಿದ್ದಿರುವ ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಿ, ಭೀಮನ ಮೂದಲಿಕೆ ತಾಳದೆ ಹೊರಬಂದು ಸಾವಿಗೆ ಎದುರಾಗುತ್ತಾನೆ.

ಬಿ.ಎಂ. ಶ್ರೀಕಂಠಯ್ಯನವರು ಇಲ್ಲಿ ಗ್ರೀಕ್ ರುದ್ರನಾಟಕದ ನಾಯಕನನ್ನು ಕಂಡರು. ದೊಡ್ಡ ಗುಣಗಳುಳ್ಳವನು ತನ್ನ ಛಲದಿಂದಲೇ ಕೆಡುವ ಕತೆ ಇದೆಂದು ಓದಿ, ಬಹುಮಟ್ಟಿಗೆ ರನ್ನನ ಮಾತುಗಳನ್ನೇ ಬಳಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ರಚಿಸಿದರು. ವಿಮರ್ಶೆಯ ಒಂದು ನಿಲುವು ರಂಗಕೃತಿಯಾದದ್ದು ಹೀಗೆ. ಭೀಮನೋ ದುರ್ಯೋಧನನೋ, ವೀರವೋ ಕರುಣವೋ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಕನ್ನಡ ತರಗತಿಗಳಲ್ಲಿ ನೆಲೆಯೂರಿತು. ಪಶ್ಚಿಮದ ಅಳತೆಗೋಲನ್ನು ಚಂಪೂಕಾವ್ಯಕ್ಕೆ ಹಿಡಿಯುವುದು ಎಷ್ಟು ಸರಿ ಎಂಬ ಆಕ್ಷೇಪವೂ ಜೊತೆಗೇ ಹುಟ್ಟಿತು. ಆದರೂ ಊರುಭಂಗದ ಆರ್ಭಟಕ್ಕಿಂತ ರಣರಂಗದ ಆ ನಡಿಗೆಯೇ ಕಾವ್ಯದ ಜೀವಾಳವೆಂದು ಇಂದಿನ ಓದುಗರಿಗೆ ತೋರುವುದರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಪಾಲು ದೊಡ್ಡದು.

ಪ್ರಗತಿಶೀಲ ಮತ್ತು ನವ್ಯ

1940ರ ದಶಕದ ಪ್ರಗತಿಶೀಲ ಲೇಖಕರು ಸಾಹಿತ್ಯ ಶೋಷಿತರ ಪರ ನಿಲ್ಲಬೇಕೆಂದರು. ಅ.ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಅವರ ನಂತರ ಬಂದ ನವ್ಯರ ಪ್ರಶ್ನೆ ಬೇರೆ: ಕೃತಿಯಲ್ಲಿ ಅನುಭವ ಭಾಷೆಯಾಗಿ ಹೇಗೆ ಮೈದಾಳಿದೆ? ಲೇಖಕನ ಉದ್ದೇಶ, ಜೀವನಚರಿತ್ರೆಗಳನ್ನು ಬದಿಗಿಟ್ಟು ಪ್ರತಿಮೆ, ಧಾಟಿ, ಬಂಧಗಳನ್ನು ಸಾಲುಸಾಲಾಗಿ ನೋಡುವ ಕೃತಿನಿಷ್ಠ ವಿಮರ್ಶೆ ಆಗ ಮುಂದೆ ಬಂತು. ಗೋಪಾಲಕೃಷ್ಣ ಅಡಿಗರು 1962ರಲ್ಲಿ ಆರಂಭಿಸಿದ ‘ಸಾಕ್ಷಿ’ ಪತ್ರಿಕೆ ಇದರ ಮುಖ್ಯ ವೇದಿಕೆ. ಧಾರವಾಡದ ಮನೋಹರ ಗ್ರಂಥಮಾಲೆಯ ‘ನಡೆದು ಬಂದ ದಾರಿ’ ಸಂಪುಟಗಳಿಗೆ ಕೀರ್ತಿನಾಥ ಕುರ್ತಕೋಟಿ ಬರೆದ ಪ್ರಸ್ತಾವನೆಗಳು ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ವೆಂಬ ಹೆಸರಿನಲ್ಲಿ ಪುಸ್ತಕವಾದವು. ಪ್ರಕಾರಗಳ ಬೆಳವಣಿಗೆಯನ್ನು ಕಾಲದ ಮನೋಧರ್ಮದೊಡನೆ ಇಟ್ಟು ನೋಡಿದ ಈ ಪುಸ್ತಕಕ್ಕೆ ಸರಿಸಾಟಿಯಾದವು ಕಡಿಮೆ. ಯು.ಆರ್. ಅನಂತಮೂರ್ತಿಯವರ ‘ಪ್ರಜ್ಞೆ ಮತ್ತು ಪರಿಸರ’, ಪಿ. ಲಂಕೇಶರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ದ ಮುನ್ನುಡಿ, ಜಿ.ಎಚ್. ನಾಯಕರ ‘ಸಮಕಾಲೀನ’, ಗಿರಡ್ಡಿ ಗೋವಿಂದರಾಜರ ಸಣ್ಣಕತೆಯ ಅಧ್ಯಯನಗಳು ಈ ಘಟ್ಟದ ಮುಖ್ಯ ಬರಹಗಳು. ನವ್ಯ ವಿಮರ್ಶೆಗೆ ಮಿತಿಯೂ ಇತ್ತು. ಏಕಾಗ್ರ ಬಂಧವನ್ನು ಹುಡುಕುವ ಅದರ ಕಣ್ಣಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಥರದ, ನೂರಾರು ಬದುಕುಗಳು ಹರಡಿಕೊಂಡ ಕಾದಂಬರಿಯ ಕಸುವು ಬೇಗ ಕಾಣಲಿಲ್ಲ. ಅದರ ಬಹುಮುಖಿ ವಿನ್ಯಾಸಕ್ಕೆ ತಕ್ಕ ಓದು ದೊರೆತದ್ದು ನಂತರದ ದಶಕಗಳಲ್ಲಿ.

ಕಾದಂಬರಿ ಮತ್ತು ನಾಟಕ

ಕನ್ನಡದಲ್ಲಿ ಅತಿ ಹೆಚ್ಚು ವಾದಕ್ಕೆ ಗುರಿಯಾದ ಕಾದಂಬರಿಗಳಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ (1965) ಒಂದು. ಆಚಾರಗೆಟ್ಟ ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಯಿಂದ ಅಗ್ರಹಾರದ ಬದುಕನ್ನೂ ಪ್ರಾಣೇಶಾಚಾರ್ಯರ ಒಳತೋಟಿಯನ್ನೂ ಬಿಚ್ಚಿಡುವ ಈ ಕೃತಿಯನ್ನು ಕೆಲವರು ಸಂಪ್ರದಾಯದ ನಿರ್ಭೀತ ವಿಮರ್ಶೆಯೆಂದರು. ಸಮುದಾಯವೊಂದಕ್ಕೆ ಅನ್ಯಾಯವಾಗಿದೆಯೆಂದೂ, ಆಚಾರ್ಯರ ಸಂಕಟ ಯುರೋಪಿನ ಅಸ್ತಿತ್ವವಾದದಿಂದ ಎರವಲು ತಂದದ್ದೆಂದೂ ಆಕ್ಷೇಪಗಳು ಬಂದವು. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಪ್ರಕಟವಾಗಿ ಚರ್ಚೆ ಕನ್ನಡದ ಗಡಿ ದಾಟಿತು.

ಎಸ್.ಎಲ್. ಭೈರಪ್ಪನವರ ಕಾದಂಬರಿಗಳ ವಿಷಯದಲ್ಲಿ ಓದುಗರ ಒಲವಿಗೂ ವಿಮರ್ಶಕರ ತೀರ್ಪಿಗೂ ನಡುವೆ ದೊಡ್ಡ ಬಿರುಕು ಕಾಣುತ್ತದೆ. ‘ಆವರಣ’ (2007) ಅಲ್ಪಕಾಲದಲ್ಲೇ ಹಲವು ಮುದ್ರಣ ಕಂಡಿತು. ಅದು ಕಾದಂಬರಿಯೋ, ಇತಿಹಾಸದ ಬಗ್ಗೆ ಮಂಡಿಸಿದ ವಾದವೋ ಎಂಬ ಚರ್ಚೆ ದಿನಪತ್ರಿಕೆಗಳಲ್ಲಿ ಬಿರುಸಾಗಿ ನಡೆಯಿತು.

ನಾಟಕದಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ (1964) 14ನೇ ಶತಮಾನದ ಸುಲ್ತಾನನ ಕತೆಯಾದರೂ ನೆಹರೂ ಯುಗದ ಆದರ್ಶ ಮತ್ತು ಭ್ರಮನಿರಸನದ ರೂಪಕವಾಗಿ ವ್ಯಾಪಕವಾಗಿ ಓದಿಸಿಕೊಂಡಿತು. ನಾಟಕದ ವಿಮರ್ಶೆ ಪಠ್ಯದ ಜೊತೆಗೆ ಪ್ರಯೋಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾವ್ಯ, ಕಾದಂಬರಿಗಳಿಗೆ ಹೋಲಿಸಿದರೆ ಈ ಭಾಗ ಕನ್ನಡದಲ್ಲಿ ತೆಳುವಾಗಿದೆ.

ದಲಿತ-ಬಂಡಾಯ ಮತ್ತು ಮಹಿಳಾ ವಿಮರ್ಶೆ

1973ರಲ್ಲಿ ಆಗಿನ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದದ್ದು ರಾಜ್ಯದಲ್ಲಿ ಗಲಭೆ ಎಬ್ಬಿಸಿತು. ಸಾಹಿತ್ಯ ಯಾರ ಬದುಕನ್ನು ಹೇಳಿದೆ, ಯಾರದನ್ನು ಬಿಟ್ಟಿದೆ ಎಂಬ ಪ್ರಶ್ನೆಯನ್ನು ಅನಂತರ ಯಾರೂ ತಳ್ಳಿಹಾಕುವಂತಿರಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ನವ್ಯರು ಬದಿಗಿಟ್ಟಿದ್ದ ಸಮಾಜ, ಜಾತಿ, ಅಧಿಕಾರಗಳು ವಿಮರ್ಶೆಯ ಕೇಂದ್ರಕ್ಕೆ ಬಂದವು.

ಈ ದೃಷ್ಟಿಗೆ ದೊಡ್ಡ ಪರೀಕ್ಷೆ ಒಡ್ಡಿದ್ದು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984). ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಈ ಪುಟ್ಟ ಪುಸ್ತಕದಲ್ಲಿ ದಲಿತ ಯುವಕನ ಕೊಲೆಯ ಕತೆ ನೇರವಾಗಿ ಬರುವುದಿಲ್ಲ. ರಾತ್ರಿ ಸೇರುವ ಜೋತಮ್ಮಗಳ (ಮನೆದೀಪಗಳ) ಮಾತಿನಲ್ಲಿ, ಮಂಚ ಹೇಳುವ ಕತೆಯಲ್ಲಿ ಚೂರುಚೂರಾಗಿ ಬರುತ್ತದೆ. ಭಾಷೆ ಅರ್ಥವಾಗುವುದಿಲ್ಲವೆಂಬ ದೂರಿತ್ತು. ಪ್ರತಿಭಟನೆಯ ಸಾಹಿತ್ಯವೆಂದರೆ ಘೋಷಣೆಯೆಂದುಕೊಂಡವರಿಗೆ ಇದು ಒಗ್ಗಲಿಲ್ಲ. ಕಾದಂಬರಿಯೋ ಕಾವ್ಯವೋ ಎಂಬ ಗೊಂದಲಕ್ಕೆ ವಿದ್ವಾಂಸ ಎಲ್. ಬಸವರಾಜು ತಮ್ಮದೇ ಉತ್ತರ ಕೊಟ್ಟರು: ಅದರ ಗದ್ಯವನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿ ತೋರಿಸಿದರು. 1990ರಲ್ಲಿ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಡಿ.ಆರ್. ನಾಗರಾಜ್ (1954–1998) ಬಂಡಾಯದ ಕಾವನ್ನೂ ಪರಂಪರೆಯ ಆಳವಾದ ಓದನ್ನೂ ಕೂಡಿಸಿದವರು. ‘ಅಮೃತ ಮತ್ತು ಗರುಡ’ದಿಂದ ‘ಸಾಹಿತ್ಯ ಕಥನ’ದವರೆಗಿನ ಅವರ ದಾರಿ, ನಿಧನಾನಂತರ ಪ್ರಕಟವಾದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ಯಲ್ಲಿ ಕೊನೆಗೊಂಡಿತು. ವಿಜಯಾ ದಬ್ಬೆಯವರು ಪುರುಷ ವಿಮರ್ಶಕರು ಬದಿಗೊತ್ತಿದ್ದ ಬರಹಗಾರ್ತಿಯರತ್ತ ಗಮನ ಸೆಳೆದರು. ನಂಜನಗೂಡು ತಿರುಮಲಾಂಬ ಅವರ ಬರಹ ಮತ್ತೆ ಚರ್ಚೆಗೆ ಬಂದದ್ದು ಇಂಥ ಓದಿನಿಂದ. ಕೆ.ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ (2000) ಹನ್ನೊಂದು ಶತಮಾನ ಹಿಂದಿನ ಲಕ್ಷಣಗ್ರಂಥವನ್ನು ಕನ್ನಡ ನಾಡಿನ ಕಲ್ಪನೆಯ ಆಕರವಾಗಿ ಓದಿತು.

ಪುಸ್ತಕ ವಿಮರ್ಶೆ

ಸಾಮಾನ್ಯ ಓದುಗರನ್ನು ತಲುಪುವ ವಿಮರ್ಶೆ ಮುಖ್ಯವಾಗಿ ದಿನಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ವಾರಪತ್ರಿಕೆ-ಮಾಸಪತ್ರಿಕೆಗಳಲ್ಲಿ ಬರುತ್ತದೆ. ಕೆಲವು ಪುಸ್ತಕಗಳಿಗೆ ಸಹಿ ಇರುವ ವಿಮರ್ಶೆ, ಇನ್ನು ಕೆಲವಕ್ಕೆ ನಾಲ್ಕಾರು ಸಾಲಿನ ಪರಿಚಯ. ಉಳಿದವು ಹೆಸರು, ಪುಟ, ಬೆಲೆಗಳೊಡನೆ ‘ಸಾದರ ಸ್ವೀಕಾರ’ದ ಪಟ್ಟಿ ಸೇರುತ್ತವೆ. ‘ಸಂಕ್ರಮಣ’, ‘ಶೂದ್ರ’, ‘ರುಜುವಾತು’, ‘ದೇಶಕಾಲ’ದಂಥ ಸಾಹಿತ್ಯಪತ್ರಿಕೆಗಳು ದೀರ್ಘ ವಿಮರ್ಶೆಗೆ ಜಾಗ ಕೊಟ್ಟವು. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ಕೃತಿಗಳನ್ನು ಸಾಮೂಹಿಕವಾಗಿ ಓದಿ ಚರ್ಚಿಸುವ ಪದ್ಧತಿಯಿದೆ. ಮುನ್ನುಡಿ, ಬೆನ್ನುಡಿ, ಪುಸ್ತಕ ಬಿಡುಗಡೆಯ ಭಾಷಣಗಳೂ ಮೊದಲ ವಿಮರ್ಶೆಯ ಕೆಲಸ ಮಾಡುತ್ತವೆ. ಅವುಗಳಲ್ಲಿ ಹೊಗಳಿಕೆ ಹೆಚ್ಚು, ವಿವೇಚನೆ ಕಡಿಮೆ ಎಂಬ ದೂರು ಹಳೆಯದು, ನ್ಯಾಯವಾದದ್ದು ಕೂಡ.

ಮನ್ನಣೆ

ಕನ್ನಡದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಮರ್ಶಾಕೃತಿಗಳಲ್ಲಿ ಜಿ.ಎಸ್. ಶಿವರುದ್ರಪ್ಪನವರ ‘ಕಾವ್ಯಾರ್ಥ ಚಿಂತನ’ (1984), ಕುರ್ತಕೋಟಿಯವರ ‘ಉರಿಯ ನಾಲಗೆ’ (1995), ಜಿ.ಎಸ್. ಆಮೂರರ ‘ಭುವನದ ಭಾಗ್ಯ’ (1996), ನಾಗರಾಜ್ ಅವರ ‘ಸಾಹಿತ್ಯ ಕಥನ’ (1999), ಸಿ.ಎನ್. ರಾಮಚಂದ್ರನ್ ಅವರ ‘ಆಖ್ಯಾನ-ವ್ಯಾಖ್ಯಾನ’ (2013), ಜಿ.ಎಚ್. ನಾಯಕರ ‘ಉತ್ತರಾರ್ಧ’ (2014) ಸೇರಿವೆ. ಇವುಗಳಲ್ಲಿ ‘ಭುವನದ ಭಾಗ್ಯ’ ದ.ರಾ. ಬೇಂದ್ರೆಯವರೊಬ್ಬರ ಸಾಹಿತ್ಯಕ್ಕೇ ಮೀಸಲಾದ ಅಧ್ಯಯನ.