ತುಂಡಾದ ವರ್ಣತಂತುವೊಂದರ ಇತಿಹಾಸ

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ನಾನು ಕರಿಹಲಗೆಯ ಮೇಲೆ ಬರೆಯದ ವರ್ಷವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಸಂಖ್ಯೆ ಇಂದಿಗೂ ಬಾಯಿಪಾಠವಿರಬೇಕು. ಆದರೆ ಅದಕ್ಕೂ ಒಂದು ಚರಿತ್ರೆಯಿದೆ. ಅನೇಕ ದಶಕಗಳ ಕಾಲ ಪುಸ್ತಕಗಳು ಅದನ್ನು 48 ಎಂದೇ ಹೇಳುತ್ತಿದ್ದವು. 1956ರಲ್ಲಿ ಸ್ವೀಡನ್ನಿನ ಲುಂಡ್ ನಗರದಿಂದ ಚಿಯೊ ಮತ್ತು ಲೆವಾನ್ ಎಂಬ ಇಬ್ಬರು ವಿಜ್ಞಾನಿಗಳು ಸರಿಯಾದ ಎಣಿಕೆಯನ್ನು ಪ್ರಕಟಿಸಿದರು. ಸರಿ ಯಾವುದೆಂದು ತಿಳಿದ ಮೇಲಲ್ಲವೇ ತಪ್ಪನ್ನು ಗುರುತಿಸಲು ಸಾಧ್ಯ?

ಕ್ಯಾನ್ಸರಿಗೂ ವರ್ಣತಂತುಗಳಿಗೂ ಸಂಬಂಧವಿದೆಯೆಂಬ ಊಹೆ ಅದಕ್ಕಿಂತ ಹಳೆಯದು. ಜರ್ಮನಿಯ ಥಿಯೋಡರ್ ಬೊವೆರಿ ಕಡಲ ಜೀವಿಯೊಂದರ ಮೊಟ್ಟೆಗಳನ್ನು ಪರೀಕ್ಷಿಸಿ, 1914ರಲ್ಲಿಯೇ ಆ ಮಾತನ್ನು ಬರೆದಿದ್ದರು. ಅದನ್ನು ಕಣ್ಣಾರೆ ಕಾಣಲು ಮಾತ್ರ 1960ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್ ಇದ್ದವರ ಕೋಶಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು ವರದಿ ಮಾಡಿದರು. ಊರಿನ ಹೆಸರೇ ಅದಕ್ಕೆ ನಿಂತಿತು: ಫಿಲಡೆಲ್ಫಿಯಾ ವರ್ಣತಂತು.

ಕಳೆದುಹೋದ ತುಂಡು ಎಲ್ಲಿ ಹೋಯಿತು? ಇದಕ್ಕೆ ಉತ್ತರ ಕೊಟ್ಟವರು ಷಿಕಾಗೋದ ವೈದ್ಯೆ ಜಾನೆಟ್ ರೌಲಿ. ನಾಲ್ವರು ಗಂಡುಮಕ್ಕಳ ತಾಯಿಯಾದ ಆಕೆ ಅನೇಕ ವರ್ಷ ಅರೆಕಾಲಿಕ ಕೆಲಸವನ್ನಷ್ಟೇ ಮಾಡಿದವರು. ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಯಿಂದ ಬಿಡಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಗಳೊಡನೆ ಆಡುತ್ತಾಳೆಂದು ಮಕ್ಕಳು ಹಾಸ್ಯಮಾಡುತ್ತಿದ್ದರಂತೆ. ಹೊಸ ಬಣ್ಣಲೇಪನದ ವಿಧಾನದಿಂದ ಪ್ರತಿ ವರ್ಣತಂತುವಿನ ಪಟ್ಟೆಗಳೂ ಬೇರೆ ಬೇರೆಯಾಗಿ ಕಂಡವು. 22ನೆಯದರ ತುಂಡು ಕಳೆದುಹೋಗಿರಲಿಲ್ಲ, 9ನೆಯದರ ತುದಿಯನ್ನು ಸೇರಿತ್ತು! 1973ರಲ್ಲಿ ಇದು ಪ್ರಕಟವಾಯಿತು. 9ನೆಯದರ ಒಂದು ಚೂರು 22ನೆಯದಕ್ಕೆ ಬಂದಿರುವುದು ಮುಂದಿನ ದಶಕದಲ್ಲಿ ಖಚಿತವಾಯಿತು.

ಹೀಗೆ ಅದಲುಬದಲಾದಾಗ ದೂರದಲ್ಲಿರಬೇಕಾದ ಎರಡು ಜೀನುಗಳು ಒಂದಾಗಿ ಹೊಸ ಜೀನೊಂದು ಹುಟ್ಟುತ್ತದೆ. ಅದರ ಆಜ್ಞೆಯಂತೆ ತಯಾರಾಗುವ ಕಿಣ್ವ ತಿರುಪು ಕೆಟ್ಟ ನಲ್ಲಿಯಂತೆ, ನಿಲ್ಲುವುದನ್ನೇ ಅರಿಯದು. ‘ಬೆಳೆ, ಒಡೆ, ಬೆಳೆ’ ಎಂಬ ಸಂಜ್ಞೆಯನ್ನು ಸದಾ ಕೊಡುತ್ತಿರುವುದರಿಂದ ಬಿಳಿರಕ್ತಕಣಗಳು ಮಿತಿಮೀರುತ್ತವೆ. ಆ ನಲ್ಲಿಗೆ ಬಿರಡೆ ಹಾಕುವ ಔಷಧಿಯೇ ಇಮ್ಯಾಟಿನಿಬ್. ನಿಕೊಲಸ್ ಲೈಡನ್ ಮೊದಲಾದವರು ಸ್ವಿಸ್ ಕಂಪನಿಯಲ್ಲಿ ರೂಪಿಸಿದ ಇದನ್ನು ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿದರು. ಸಾಕಷ್ಟು ಪ್ರಮಾಣದಲ್ಲಿ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಬಂದಿತು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲು ಕೆಲವೇ ವರ್ಷಗಳ ಆಯುಷ್ಯವಿದ್ದ ರೋಗದಲ್ಲಿ, ದೊಡ್ಡ ಅಧ್ಯಯನವೊಂದರಂತೆ, ಈ ಗುಳಿಗೆ ನುಂಗಿದವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಜನ ಹತ್ತು ವರ್ಷಗಳ ನಂತರವೂ ಬದುಕಿದ್ದರು.

ನಮ್ಮ ಬಂಧುವರ್ಗದಲ್ಲೊಬ್ಬರು ಈ ಗುಳಿಗೆಯಿಂದ ಮಕ್ಕಳ ಮದುವೆ ಮಾಡಿ, ಮೊಮ್ಮಗಳನ್ನು ಶಾಲೆಗೆ ಕಳುಹಿಸುತ್ತಿದ್ದಾರೆ. ಅದು ಅವರ ಕೈಗೆಟುಕಿದುದಕ್ಕೂ ಒಂದು ಇತಿಹಾಸವಿದೆ. ನೊವಾರ್ಟಿಸ್ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿದ್ದರೆ, ಭಾರತೀಯ ಕಂಪನಿಗಳದು ಸುಮಾರು 10,000 ರೂಪಾಯಿಯೊಳಗಿತ್ತು. ನೊವಾರ್ಟಿಸ್ ಅನೇಕ ರೋಗಿಗಳಿಗೆ ಉಚಿತವಾಗಿ ಔಷಧಿ ಕೊಟ್ಟದ್ದೂ ನಿಜ. ಆದರೆ ಅದರ ಪೇಟೆಂಟ್ ಅರ್ಜಿಯನ್ನು ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ತಿರಸ್ಕರಿಸಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಹಳೆಯ ವಸ್ತುವಿನ ಹೊಸ ರೂಪಕ್ಕೆ, ರೋಗ ಗುಣಪಡಿಸುವ ಶಕ್ತಿ ಹೆಚ್ಚದಿದ್ದರೆ ಪೇಟೆಂಟ್ ಇಲ್ಲವೆಂಬುದು ನಮ್ಮ ಕಾಯಿದೆಯ 3(ಡಿ) ವಿಧಿಯ ಸಾರ. ವಿಜ್ಞಾನ ಪ್ರಯೋಗಾಲಯದಲ್ಲಿ ಗೆದ್ದರೆ ಸಾಲದು, ಬಡವನ ಮನೆಯ ಬಾಗಿಲಿಗೂ ಬರಬೇಕು.

ಎಲ್ಲ ಕ್ಯಾನ್ಸರುಗಳೂ ಹೀಗೆ ಒಂದೇ ತಪ್ಪಿನಿಂದ ಹುಟ್ಟುವುದಿಲ್ಲ. ಹಲವು ಜೀನುಗಳು ಕೆಟ್ಟಿರುವಾಗ ಏನು ಮಾಡುವುದು? ಶಾಲೆಯ ಗ್ರಂಥಾಲಯವನ್ನು ನೆನೆಯಿರಿ. ಎಲ್ಲ ಶಾಲೆಗಳಲ್ಲೂ ಪುಸ್ತಕಗಳು ಅವೇ ಇದ್ದರೂ, ಯಾವ ಪುಸ್ತಕವನ್ನು ಎಷ್ಟು ಜನ ಓದುತ್ತಿದ್ದಾರೆಂಬುದು ಎರವಲು ಕೊಡುವ ರಿಜಿಸ್ಟರಿನಿಂದ ತಿಳಿಯುತ್ತದೆ. ಕೋಶದಲ್ಲಿ ಯಾವ ಜೀನು ಎಷ್ಟು ಚುರುಕಾಗಿದೆಯೆಂಬುದನ್ನು ಅಳೆಯುವುದೂ ಅಂತಹ ರಿಜಿಸ್ಟರನ್ನು ಓದಿದಂತೆ. ಇದನ್ನೇ ಜೀನುಗಳ ಅಭಿವ್ಯಕ್ತಿಯ ಅಧ್ಯಯನ ಎನ್ನುವುದು. 1999ರಲ್ಲಿ ಟಾಡ್ ಗೊಲಬ್ ಮತ್ತು ಸಂಗಡಿಗರು 38 ರೋಗಿಗಳ ಮಾದರಿಗಳಲ್ಲಿ ಸಾವಿರಾರು ಜೀನುಗಳನ್ನು ಒಮ್ಮೆಗೇ ಅಳೆದು, ಎರಡು ಬಗೆಯ ತೀವ್ರ ಲ್ಯುಕೇಮಿಯಗಳನ್ನು ಆ ಅಂಕಿಗಳಿಂದಲೇ ಬೇರ್ಪಡಿಸಬಹುದೆಂದು ತೋರಿಸಿದರು.

ಅದರ ಫಲ ಸ್ತನ ಕ್ಯಾನ್ಸರಿನಲ್ಲಿ ಕಾಣಿಸಿತು. 21 ಜೀನುಗಳ ಪರೀಕ್ಷೆಯೊಂದನ್ನು ಆಧರಿಸಿ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ನಡೆಯಿತು. ಹಾರ್ಮೋನಿಗೆ ಸ್ಪಂದಿಸುವ, ಕಂಕುಳಿನ ಗ್ರಂಥಿಗಳಿಗೆ ಹರಡದ ಗಡ್ಡೆಯಿದ್ದು ಮಧ್ಯಮ ಅಂಕ ಬಂದವರಲ್ಲಿ ಬಹುಪಾಲು ಜನರಿಗೆ, ಅದರಲ್ಲೂ 50 ದಾಟಿದವರಿಗೆ, ಕೀಮೊಥೆರಪಿಯಿಂದ ಹೆಚ್ಚಿನ ಲಾಭವಿಲ್ಲವೆಂದು 2018ರಲ್ಲಿ ತಿಳಿಯಿತು. ಕೂದಲುದುರುವ, ವಾಂತಿಯ ಆ ಯಾತನೆ ಅವರಿಗೆ ತಪ್ಪಿತು. ಯಾವ ಔಷಧಿ ಬೇಡವೆಂದು ಅರಿಯುವುದೂ ವೈದ್ಯವಿದ್ಯೆಯೇ ಅಲ್ಲವೇ?

ಬೊವೆರಿಯವರ ಊಹೆಯಿಂದ ಡ್ರೂಕರರ ಗುಳಿಗೆಯವರೆಗೆ 80ಕ್ಕೂ ಹೆಚ್ಚು ವರ್ಷಗಳಾದವು. ನಡುವಿನ ಒಬ್ಬೊಬ್ಬರೂ ಚೈನಿನ ಒಂದೊಂದು ಕೊಂಡಿ. ನಮ್ಮ ಮನೆಗಳಲ್ಲಿ ಇಂದಿಗೂ ಕ್ಯಾನ್ಸರ್ ಎಂಬ ಪದವನ್ನು ಪಿಸುದನಿಯಲ್ಲಿ ಆಡುತ್ತಾರೆ. ಹೆಸರು ಹೇಳಲಂಜಿ ತಡಮಾಡಿ ವೈದ್ಯರಲ್ಲಿಗೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಂದರೆ ‘ಕ್ಯಾನ್ಸರ್’ ಎಂದು ಕೇಳಿ ಸುಮ್ಮನಾಗಬೇಡಿ. ಯಾವ ಬಗೆಯದು, ಜೀನಿನ ಪರೀಕ್ಷೆ ಅಗತ್ಯವೇ, ಅದಕ್ಕೆ ಮದ್ದೇನಿದೆ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ತರಗತಿಯಲ್ಲಿ ನಾನು ನಿಮಗೆ ಹೇಳುತ್ತಿದ್ದುದೂ ಅದನ್ನೇ: ಪ್ರಶ್ನೆ ಕೇಳುವುದಕ್ಕೆ ನಾಚಬಾರದು.